ಆಕಾಶವಾಣಿಯ ನಂತರದ ಶೃಂಗಾರ

ಪ್ರೇಮಕಥೆಯನ್ನು ಅದ್ಭುತದೊಡನೆ ಬೆರೆಸಿ ಬರೆಯುವ ಪದ್ಧತಿ ಇಂದಿನ ಪುಸ್ತಕ ಮಾರುಕಟ್ಟೆಯಲ್ಲಿ ಹೊಸದೊಂದು ಪ್ರಕಾರವೆಂಬಂತೆ ಪ್ರಚಾರ ಪಡೆಯುತ್ತಿದ್ದರೂ, ಕನ್ನಡದಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಇಲ್ಲಿ ಅದ್ಭುತವೆಂದರೆ ಶಾಪ, ಜನ್ಮಾಂತರ, ಸ್ವಪ್ನದರ್ಶನ, ಗಂಧರ್ವಲೋಕ, ಮಾತನಾಡುವ ಗಿಣಿ ಮೊದಲಾದ, ಲೋಕದ ನಡೆಗೆ ನಿಲುಕದ ಸಂಗತಿಗಳು. ಇವು ಕಥೆಗೆ ಮೆರುಗು ಕೊಡಲು ಸೇರಿಸಿದ ಅಲಂಕಾರಗಳೆಂದು ಬದಿಗೆ ಸರಿಸುವ ರೂಢಿಯುಂಟು. ಆದರೆ ಮುಖ್ಯ ಕೃತಿಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಿದಾಗ, ಪ್ರೇಮಿಗಳಲ್ಲಿ ಒಬ್ಬರು ಸತ್ತರೆ ಅಥವಾ ಕೈಗೆಟುಕದಷ್ಟು ದೂರವಾದರೆ ಕಥೆ ಮುಂದೆ ಹೇಗೆ ಸಾಗಬೇಕೆಂಬ ಇಕ್ಕಟ್ಟನ್ನು ಬಿಡಿಸುವ ಹೊಣೆಯನ್ನು ಕವಿಗಳು ಅದ್ಭುತಕ್ಕೆ ವಹಿಸಿದ್ದರೆಂಬುದು ಕಾಣುತ್ತದೆ. ಆ ಹೊಣೆಯನ್ನು ಅದು ನಿರ್ವಹಿಸಿದ ಬಗೆ ಮಾತ್ರ ಕಾಲಕ್ಕೂ ಮತಕ್ಕೂ ತಕ್ಕಂತೆ ಬದಲಾಗಿದೆ.

ಈ ಬಗೆಯ ಕಥೆಗಳ ದೊಡ್ಡ ಕಣಜವೆಂದರೆ ಪೈಶಾಚೀ ಎಂಬ ಪ್ರಾಕೃತ ಭಾಷೆಯಲ್ಲಿ ಗುಣಾಢ್ಯನು ರಚಿಸಿದನೆನ್ನಲಾದ, ಈಗ ಮೂಲರೂಪದಲ್ಲಿ ಉಳಿದಿಲ್ಲದ ಬೃಹತ್ಕಥೆ. ತಲಕಾಡಿನ ಗಂಗ ಅರಸ ದುರ್ವಿನೀತನು ಆರನೆಯ ಶತಮಾನದಲ್ಲಿ ಅದನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ತಾಮ್ರಶಾಸನಗಳು ಹೇಳುವುದರಿಂದ, ಕರ್ನಾಟಕಕ್ಕೂ ಈ ಕಥಾಪರಂಪರೆಗೂ ಇರುವ ನಂಟು ಕನ್ನಡದ ಮೊದಲ ಗ್ರಂಥಗಳಿಗಿಂತ ಹಳೆಯದೆನ್ನಬಹುದು. ಸಂಸ್ಕೃತದ ಲಾಕ್ಷಣಿಕರು, ಅಂದರೆ ಕಾವ್ಯದ ನಿಯಮಗಳನ್ನು ಚರ್ಚಿಸಿದ ಶಾಸ್ತ್ರಕಾರರು, ಗದ್ಯಕಾವ್ಯವನ್ನು ಎರಡಾಗಿ ವಿಂಗಡಿಸಿ, ನಡೆದ ಸಂಗತಿಯನ್ನು ಆಧರಿಸಿದ್ದನ್ನು ಆಖ್ಯಾಯಿಕೆಯೆಂದೂ ಕಲ್ಪನೆಯಿಂದ ಹುಟ್ಟಿದ್ದನ್ನು ಕಥೆಯೆಂದೂ ಕರೆದರು. ದಂಡಿ ಈ ವಿಂಗಡಣೆಯನ್ನೇ ಒಪ್ಪಲಿಲ್ಲವಾದರೂ, ಏಳನೆಯ ಶತಮಾನದಲ್ಲಿ ಕನೌಜಿನ ಹರ್ಷನ ಆಸ್ಥಾನದಲ್ಲಿದ್ದ ಬಾಣನು ಹರ್ಷಚರಿತವನ್ನು ಆಖ್ಯಾಯಿಕೆಯಾಗಿಯೂ ಕಾದಂಬರಿಯನ್ನು ಕಥೆಯಾಗಿಯೂ ಬರೆದು ಎರಡಕ್ಕೂ ಮಾದರಿ ಒದಗಿಸಿದನು.

ಬಾಣನ ಕಥೆ ಕನ್ನಡಕ್ಕೆ ಬರುವ ಮೊದಲೇ ಜೈನ ಪುರಾಣದ ದಾರಿಯಿಂದ ಇಂಥದೇ ಒಂದು ಪ್ರೇಮಕಥೆ ಕನ್ನಡದಲ್ಲಿ ನೆಲೆಗೊಂಡಿತ್ತು. 941ರಲ್ಲಿ ಪಂಪನು ಬರೆದ ಆದಿಪುರಾಣದಲ್ಲಿ ಈಶಾನಕಲ್ಪವೆಂಬ ಸ್ವರ್ಗದ ಲಲಿತಾಂಗದೇವನಿಗೂ ಅವನ ಪ್ರಿಯೆ ಸ್ವಯಂಪ್ರಭೆಗೂ ಆಯುಷ್ಯ ಮುಗಿದು ಇಬ್ಬರೂ ಭೂಮಿಯಲ್ಲಿ ವಜ್ರಜಂಘ ಮತ್ತು ಶ್ರೀಮತಿಯರಾಗಿ ಹುಟ್ಟುತ್ತಾರೆ. ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡ ಶ್ರೀಮತಿಗೆ ಜಾತಿಸ್ಮರಣೆ, ಎಂದರೆ ಹಿಂದಿನ ಜನ್ಮದ ನೆನಪು, ಉಂಟಾಗಿ ಅವಳು ಮೂರ್ಛೆ ಹೋಗುತ್ತಾಳೆ. ಎಚ್ಚತ್ತ ಮೇಲೆ ಆ ನೆನಪನ್ನು ಪಟದಲ್ಲಿ ಚಿತ್ರಿಸುತ್ತಾಳೆ. ದಾದಿ ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ತೆರೆದಿಟ್ಟಾಗ ವಜ್ರಜಂಘನು ತನ್ನದೇ ಪೂರ್ವಜನ್ಮವನ್ನು ಅದರಲ್ಲಿ ಗುರುತಿಸುತ್ತಾನೆ. ಸ್ವರ್ಗದಿಂದ ಭೂಮಿಗೆ ಇಳಿದುಬಂದ ಈ ಪ್ರೇಮಕ್ಕೆ ಪಂಪ ಕೊಡುವ ಕೊನೆ ತೀರ ಸಾಮಾನ್ಯವಾದದ್ದು: ಶಯನಗೃಹದಲ್ಲಿ ಧೂಪ ಹಾಕಿದ ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆತದ್ದರಿಂದ, ದಂಪತಿಗಳು ತಬ್ಬಿಕೊಂಡಿದ್ದಂತೆಯೇ ಹೊಗೆಗೆ ಉಸಿರುಕಟ್ಟಿ ಸಾಯುತ್ತಾರೆ. ಭೋಗದ ಸಾಧನವೇ ಸಾವಿನ ಸಾಧನವಾಗುವ ಈ ಸನ್ನಿವೇಶದಲ್ಲಿ ಪಂಪನ ನಿಲುವು ಇದೆ. ಜನ್ಮಾಂತರವು ಪ್ರೇಮಿಗಳನ್ನು ಮತ್ತೆ ಕೂಡಿಸಬಲ್ಲುದು. ಆದರೆ ಆ ಸರಪಣಿ ಕೊನೆಗೆ ಮುಟ್ಟುವುದು ಒಂದು ಜೀವ ಮೊದಲ ತೀರ್ಥಂಕರ ವೃಷಭನಾಥನಾಗಿ, ಇನ್ನೊಂದು ಜೀವ ಅವನಿಗೆ ಕಬ್ಬಿನ ರಸದ ಆಹಾರದಾನ ಮಾಡುವ ಶ್ರೇಯಾಂಸನಾಗಿ ಎದುರುಬದುರು ನಿಲ್ಲುವ ಘಟ್ಟವನ್ನು, ಅಂದರೆ ಪ್ರೇಮದ ನೆನಪು ದಾನಧರ್ಮವಾಗಿ ಮಾರ್ಪಡುವ ಘಟ್ಟವನ್ನು.

ಸುಮಾರು 990ರಲ್ಲಿ ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯಲ್ಲಿ ಅದ್ಭುತದ ದಿಕ್ಕೇ ಬೇರೆ. ಈ ನಾಗವರ್ಮನೇ ಛಂದೋಂಬುಧಿಯ ಕರ್ತೃವೋ ಅಲ್ಲವೋ ಎಂಬ ವಿದ್ವಾಂಸರ ವಾದ ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು, ಸಮಾಸಗಳ ಮೇಲೆ ಸಮಾಸ ಪೇರಿಸಿ ಪುಟಗಟ್ಟಲೆ ಸಾಗುವ ಬಾಣನ ಗದ್ಯವನ್ನು ಅವನು ಪದ್ಯ ಗದ್ಯಗಳು ಬೆರೆತ ಚಂಪೂ ರೂಪಕ್ಕೆ ತಿರುಗಿಸಿ, ವರ್ಣನೆಗಳನ್ನು ಸಾಕಷ್ಟು ಕಡಿಮೆ ಮಾಡಿಯೂ ಕಥೆಯ ಒಂದು ಗಂಟನ್ನೂ ಸಡಿಲಿಸದೆ ಉಳಿಸಿಕೊಂಡದ್ದು. ಆ ಗಂಟುಗಳೇನು ಕಡಿಮೆಯಲ್ಲ. ವಿದಿಶೆಯ ರಾಜ ಶೂದ್ರಕನ ಸಭೆಗೆ ಚಂಡಾಲಕನ್ಯೆಯೊಬ್ಬಳು ಪಂಜರದಲ್ಲಿ ಗಿಣಿಯನ್ನು ತರುತ್ತಾಳೆ. ಗಿಣಿ ತನ್ನ ಕಥೆ ಹೇಳುತ್ತದೆ. ಅದರೊಳಗೆ ಜಾಬಾಲಿ ಮುನಿ ಹೇಳಿದ ಕಥೆ, ಅದರೊಳಗೆ ಮಹಾಶ್ವೇತೆ ಹೇಳಿಕೊಂಡ ಕಥೆ. ಇಷ್ಟು ಹೊತ್ತು ಕುತೂಹಲದಿಂದ ಕೇಳುತ್ತ ಕುಳಿತ ರಾಜನೇ ಕಥೆಯ ನಾಯಕನೆಂದೂ ಗಿಣಿಯೇ ಅವನ ಗೆಳೆಯನೆಂದೂ ತಿಳಿಯುವುದು ಕೊನೆಯಲ್ಲಿ.

ಮಹಾಶ್ವೇತೆಯ ವೃತ್ತಾಂತವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಂಧರ್ವಕನ್ಯೆಯಾದ ಅವಳು ತಾಯಿಯೊಡನೆ ಅಚ್ಛೋದ ಸರೋವರಕ್ಕೆ ಸ್ನಾನಕ್ಕೆ ಬಂದಾಗ ಎಂದೂ ಕಾಣದ ಹೂವಿನ ಕಂಪೊಂದನ್ನು ಹಿಂಬಾಲಿಸಿ ಹೋಗಿ, ಕಿವಿಯಲ್ಲಿ ಪಾರಿಜಾತದ ಗೊಂಚಲು ಮುಡಿದ ತಪಸ್ವಿ ಪುಂಡರೀಕನನ್ನು ಕಾಣುತ್ತಾಳೆ. ಅವನು ಹೂವನ್ನು ಅವಳ ಕಿವಿಗೆ ಇಡುವಾಗ ಅವನ ಕೈಯಿಂದ ಜಾರಿದ ಜಪಮಾಲೆಯನ್ನು ಅವಳು ನೆಲಕ್ಕೆ ಬೀಳುವ ಮೊದಲೇ ಹಿಡಿದು ಕೊರಳಿಗೆ ಹಾಕಿಕೊಳ್ಳುತ್ತಾಳೆ. ಗೆಳೆಯ ಕಪಿಂಜಲನ ಎದುರು ನಾಚಿದ ಪುಂಡರೀಕ ಜಪಮಾಲೆಯನ್ನು ಮರಳಿ ಕೇಳಿದಾಗ ಅವಳು ಕೊಡುವುದು ತನ್ನ ಮುತ್ತಿನ ಏಕಾವಳಿಯನ್ನು, ಅವನು ಅದನ್ನು ಗಮನಿಸದೆಯೇ ತೆಗೆದುಕೊಳ್ಳುತ್ತಾನೆ. ಈ ಭಾಗದಲ್ಲಿ ಪಾರಿಜಾತವೊಂದನ್ನು ಬಿಟ್ಟರೆ ಅಲೌಕಿಕವಾದದ್ದು ಏನೂ ನಡೆಯುವುದಿಲ್ಲ. ಎಲ್ಲವೂ ಹರೆಯದವರ ಗಲಿಬಿಲಿ. ಅಂದೇ ರಾತ್ರಿ ಬೆಳದಿಂಗಳಲ್ಲಿ ಅವಳು ಅವನಿರುವಲ್ಲಿಗೆ ಬರುವಷ್ಟರಲ್ಲಿ ವಿರಹತಾಪದಿಂದ ಅವನ ಪ್ರಾಣ ಹೋಗಿರುತ್ತದೆ. ಅವಳು ಚಿತೆಯೇರಲು ಸಿದ್ಧಳಾದಾಗ ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನೊಬ್ಬ ಶವವನ್ನು ಎತ್ತಿಕೊಂಡು, ಪ್ರಾಣ ಬಿಡಬೇಡವೆಂದೂ ಮತ್ತೆ ಸಮಾಗಮವಾಗುವುದೆಂದೂ ಹೇಳಿ ಮೇಲೇರುತ್ತಾನೆ.

ಈ ಒಂದು ಮಾತಿನಿಂದ ಕಥೆಯ ರಸವೇ ಬದಲಾಯಿತೆಂದು ಲಾಕ್ಷಣಿಕರು ಗುರುತಿಸಿದ್ದಾರೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಶೃಂಗಾರಕ್ಕೆ ಸಂಭೋಗ ಮತ್ತು ವಿಪ್ರಲಂಭ, ಅಂದರೆ ಕೂಡಿರುವಿಕೆ ಮತ್ತು ಅಗಲಿಕೆ, ಎಂಬ ಎರಡು ಮುಖಗಳುಂಟು. ಅಗಲಿದವರು ಮತ್ತೆ ಸಿಗುವ ಆಸೆ ಇರುವವರೆಗೆ ಅದು ಶೃಂಗಾರ, ಆಸೆ ಕಡಿದರೆ ಶೋಕವು ಸ್ಥಾಯಿಯಾದ ಕರುಣ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಧನಂಜಯನ ದಶರೂಪಕಕ್ಕೆ ವ್ಯಾಖ್ಯಾನ ಬರೆದ ಧನಿಕನು, ಕಾದಂಬರಿಯಲ್ಲಿ ಮೊದಲು ಇರುವುದು ಕರುಣ, ಆಕಾಶವಾಣಿಯ ಬಳಿಕ ಇರುವುದು ಪ್ರವಾಸವಿಪ್ರಲಂಭ, ಅಂದರೆ ಪ್ರಿಯನು ದೂರ ಹೋದಾಗಿನ ಶೃಂಗಾರ, ಎಂದನು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಇದಕ್ಕೆ ಕರುಣವಿಪ್ರಲಂಭವೆಂಬ ಪ್ರತ್ಯೇಕ ಭೇದವನ್ನೇ ಹೇಳಿ, ಪುಂಡರೀಕ ಮಹಾಶ್ವೇತೆಯರ ವೃತ್ತಾಂತವನ್ನು ಉದಾಹರಿಸಿದನು. ಸಾವನ್ನು ದೂರದೂರಿನ ಪಯಣದಷ್ಟಕ್ಕೆ ಇಳಿಸುವ ಶಕ್ತಿ ಅದ್ಭುತಕ್ಕಿದೆಯೆಂಬ ಈ ತಿಳಿವಳಿಕೆ, ಪ್ರೇಮ ಮತ್ತು ಅದ್ಭುತಗಳ ಬೆರಕೆಯ ಬಗ್ಗೆ ಈಚಿನ ವಿಮರ್ಶೆ ಹೇಳಿರುವ ಎಷ್ಟೋ ಮಾತುಗಳಿಗಿಂತ ಖಚಿತವಾದದ್ದು. ಧನಿಕನಿದ್ದದ್ದು ಧಾರಾನಗರದ ಮುಂಜನ ಆಸ್ಥಾನದಲ್ಲಿ. ಆ ಮುಂಜನನ್ನು ಸೆರೆಹಿಡಿದವನು ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪ. ಎರಡು ನಾಡುಗಳು ಹೀಗೆ ಕಾದಾಡುತ್ತಿದ್ದ ಕಾಲದಲ್ಲೇ ಅತ್ತ ಮಾಳವದಲ್ಲಿ ಕಾದಂಬರಿಯ ಶಾಸ್ತ್ರಚರ್ಚೆಯೂ ಇತ್ತ ಕನ್ನಡದಲ್ಲಿ ಅದರ ಮರುಸೃಷ್ಟಿಯೂ ನಡೆದಿದ್ದವು.

ಕಥೆಯ ಎರಡನೆಯ ಜೋಡಿಯಾದ ಚಂದ್ರಾಪೀಡ ಮತ್ತು ಕಾದಂಬರಿಯರಲ್ಲಿ ಇದೇ ಯುಕ್ತಿ ಇನ್ನೊಮ್ಮೆ ಬಳಕೆಯಾಗುತ್ತದೆ. ಗೆಳೆಯ ವೈಶಂಪಾಯನನ ಸಾವಿನ ಸುದ್ದಿಗೆ ಚಂದ್ರಾಪೀಡನ ಎದೆ ಒಡೆದರೂ ಅವನ ದೇಹ ಕೆಡುವುದಿಲ್ಲ, ಕಾದಂಬರಿ ಅದನ್ನು ಕಾಯುತ್ತ ಕೂರುತ್ತಾಳೆ. ಶಾಪದ ಅವಧಿ ಮುಗಿದಾಗ, ವಸಂತದಲ್ಲಿ, ಅವಳ ಅಪ್ಪುಗೆಯಿಂದ ಅವನು ಏಳುತ್ತಾನೆ. ಶಾಪದ ಮೇಲೆ ಪ್ರತಿಶಾಪ, ಚಂದ್ರನಿಗೆ ಎರಡು ಮಾನುಷ ಜನ್ಮ, ಕುದುರೆಯಾಗಿದ್ದ ಕಪಿಂಜಲ ಎಂಬೀ ಲೆಕ್ಕಾಚಾರ ಉತ್ತರಾರ್ಧದಲ್ಲಿ ತುಸು ಯಾಂತ್ರಿಕವಾಗಿದೆಯೆಂದು ಒಪ್ಪಲೇಬೇಕು. ಬಾಣನು ಪೂರೈಸದೆ ಬಿಟ್ಟದ್ದನ್ನು ಮಗ ಮುಗಿಸಬೇಕಾದ ಪರಿಸ್ಥಿತಿಯೂ ಅದಕ್ಕೆ ಕಾರಣವಿರಬಹುದು.

ಸುಮಾರು 1170ರಲ್ಲಿ ನೇಮಿಚಂದ್ರನು ರಚಿಸಿದ ಲೀಲಾವತಿಗೆ ಆಧಾರ ಸುಬಂಧುವಿನ ವಾಸವದತ್ತೆ. ಅಲ್ಲಿ ರಾಜಕುಮಾರನೂ ರಾಜಕುಮಾರಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಒಲಿಯುತ್ತಾರೆ. ಇಬ್ಬರ ಕನಸಿಗೂ ಸೇತುವೆಯಾಗುವುದು ವಿಂಧ್ಯದ ಕಾಡಿನಲ್ಲಿ ಗಿಣಿ ಮತ್ತು ಸಾರಿಕೆಯ ಜಗಳ. ನೇಮಿಚಂದ್ರ ಮಾಡಿದ ದೊಡ್ಡ ಬದಲಾವಣೆಯೆಂದರೆ ಕಥೆಯನ್ನು ಕನ್ನಡ ನಾಡಿಗೆ ತಂದು ನಿಲ್ಲಿಸಿದ್ದು: ಅವನ ನಾಯಕ ಕಂದರ್ಪದೇವ ಬನವಾಸಿಯ ಕದಂಬ ರಾಜಪುತ್ರ. ಇತಿಹಾಸದಲ್ಲಿ ನಿಜವಾಗಿಯೂ ಆಳಿಹೋದ ಮನೆತನಕ್ಕೆ ಇಂಥದೊಂದು ಸ್ವಪ್ನಕಥೆಯನ್ನು ಅಂಟಿಸಿದ್ದರಿಂದ ಅದ್ಭುತಕ್ಕೆ ಗುರುತಿನ ನೆಲ ದೊರೆಯಿತು. ವರ್ಣನೆಯ ಭಾರದಲ್ಲಿ ಕಥೆ ಸೊರಗಿದೆಯೆಂಬ ಆಕ್ಷೇಪ ಈ ಕಾವ್ಯದ ಮೇಲಿದ್ದು, ಅದು ಅನ್ಯಾಯದ್ದೇನೂ ಅಲ್ಲ. ಜೈನನಾಗಿದ್ದೂ ಶೃಂಗಾರಕ್ಕೇ ಮೀಸಲಾದ ಕಾವ್ಯ ಬರೆದ ಈ ಕವಿ ಆಮೇಲೆ ಕೈಗೆತ್ತಿಕೊಂಡದ್ದು ಮದುವೆಯ ದಿನವೇ ವಧುವನ್ನು ತೊರೆದು ಹೋದ ನೇಮಿನಾಥನ ಪುರಾಣವನ್ನು; ಅದು ವೈರಾಗ್ಯದ ಘಟ್ಟ ತಲುಪುವ ಮೊದಲೇ ನಿಂತುಹೋಗಿ ಅರ್ಧನೇಮಿಯೆಂದೇ ಹೆಸರಾಯಿತು.

ಲೀಲಾವತಿಯ ನಂತರದ ಕೆಲವು ದಶಕಗಳಲ್ಲೇ ಹರಿಹರನ ಪ್ರಭುದೇವರ ರಗಳೆಯಲ್ಲಿ ಪ್ರಿಯೆಯ ಸಾವಿಗೆ ತೀರ ಬೇರೆ ಉತ್ತರ ಸಿಕ್ಕಿತು. ಅಲ್ಲಿ ಅಲ್ಲಮನು ಕಮಲತೆಯನ್ನು ಉತ್ಕಟವಾಗಿ ಪ್ರೀತಿಸುತ್ತಾನೆ, ಅವಳು ಜ್ವರದಿಂದ ಸಾಯುತ್ತಾಳೆ, ಯಾವ ದಿವ್ಯಪುರುಷನೂ ಇಳಿದು ಬರುವುದಿಲ್ಲ. ಮರುಳನಂತೆ ಅಲೆದು ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆದಕುತ್ತಿದ್ದಾಗ ಹೂತುಹೋದ ದೇಗುಲದ ಕಳಸ ಕಾಣಿಸುತ್ತದೆ. ಒಳಗೆ ಅನಿಮಿಷನೆಂಬ ಯೋಗಿ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಿರುತ್ತಾನೆ. ಅದ್ಭುತವು ಪ್ರಿಯೆಯನ್ನು ಮರಳಿಸುವ ಬದಲು ಶೋಕ ಹಿಡಿದ ಮನಸ್ಸಿಗೆ ಹಿಡಿಯಲು ಬೇರೊಂದನ್ನು ಕೊಟ್ಟಿತು. ಹದಿನೈದನೆಯ ಶತಮಾನದ ಚಾಮರಸನಿಗೆ ಅಲ್ಲಮನು ಮನುಷ್ಯಮಾತ್ರನಂತೆ ಪ್ರೇಮಿಸಿದನೆಂಬುದೇ ಸಮ್ಮತವಾಗಲಿಲ್ಲ. ಅವನ ಪ್ರಭುಲಿಂಗಲೀಲೆಯಲ್ಲಿ ಮಾಯೆಯು ಬನವಾಸಿಯ ಅರಸುಮಗಳಾಗಿ ಹುಟ್ಟಿ ಮದ್ದಳೆ ಬಾರಿಸುವ ಅಲ್ಲಮನಿಗೆ ಒಲಿಯುತ್ತಾಳೆ, ಆದರೆ ಅಪ್ಪಲು ಹೋದರೆ ಅವನು ತೋಳಿಗೆ ಸಿಕ್ಕುವುದಿಲ್ಲ. ಲೀಲಾವತಿಯ ಕನಸು ಅರಳಿದ ಬನವಾಸಿಯಲ್ಲೇ ಅದ್ಭುತವನ್ನು ಶೃಂಗಾರದ ವಿರುದ್ಧ ಹೂಡಿದ್ದು ಆಕಸ್ಮಿಕವಿರಬಹುದು, ಆದರೂ ಗಮನಾರ್ಹ.

ಹದಿನಾರನೆಯ ಶತಮಾನದಲ್ಲಿ ಕನಕದಾಸರ ಮೋಹನತರಂಗಿಣಿ, ಹಾಡಲು ಒಗ್ಗುವ ಸಾಂಗತ್ಯವೆಂಬ ದೇಸಿ ಛಂದಸ್ಸಿನಲ್ಲಿ, ಹಳೆಯ ಮೂರೂ ಯುಕ್ತಿಗಳನ್ನು ಒಟ್ಟಿಗೆ ತಂದಿತು: ಸುಟ್ಟುಹೋದ ಕಾಮ ಪ್ರದ್ಯುಮ್ನನಾಗಿ ಹುಟ್ಟಿ ರತಿಯನ್ನು ಕೂಡುತ್ತಾನೆ, ಉಷೆ ಅನಿರುದ್ಧನನ್ನು ಕನಸಿನಲ್ಲಿ ಕಾಣುತ್ತಾಳೆ, ಸಖಿ ಚಿತ್ರಲೇಖೆ ಅವನನ್ನು ಚಿತ್ರದ ಮೂಲಕ ಗುರುತಿಸಿ, ದ್ವಾರಕೆಯಿಂದ ಶೋಣಿತಪುರಕ್ಕೆ ಮಾಯೆಯಿಂದ ಎತ್ತಿ ತರುತ್ತಾಳೆ. ಈ ದ್ವಾರಕೆಯ ಬೀದಿಗಳಲ್ಲಿ ವಿಜಯನಗರದ ವೈಭವ ಕಾಣುವುದನ್ನು ವಿಮರ್ಶಕರು ತೋರಿಸಿದ್ದಾರೆ.

ಅರಮನೆ ಮತ್ತು ಮಠಗಳ ಹೊರಗೆ, ಅಡುಗೆಮನೆ ಜಗುಲಿಗಳಲ್ಲಿ ಹೆಂಗಸರು ಹೇಳುತ್ತ ಬಂದ ಕಥೆಗಳ ಹೊಳೆಯೊಂದು ಈ ಎಲ್ಲ ಕಾಲದಲ್ಲೂ ಹರಿದಿತ್ತು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಅಂಥ ಎರಡು ಕಥೆಗಳನ್ನು ಸೇರಿಸಿ ಗಿರೀಶ ಕಾರ್ನಾಡರು 1988ರಲ್ಲಿ ನಾಗಮಂಡಲವನ್ನು ಬರೆದರು. ಮದ್ದಿನ ಬೇರು ಬೆರೆತ ಸಾರು ಗಂಡನ ಬದಲು ಹುತ್ತದ ಹಾವಿಗೆ ಸಲ್ಲುತ್ತದೆ. ಹಾವು ಗಂಡನ ರೂಪದಲ್ಲಿ ರಾತ್ರಿ ಬಂದು ನಾಯಕಿ ರಾಣಿಯನ್ನು ಪ್ರೀತಿಸುತ್ತದೆ. ಹಗಲಿನ ಗಂಡನ ಕ್ರೌರ್ಯ ಮಾತ್ರ ಹಾಗೇ ಇರುತ್ತದೆ. ರಾಣಿ ನಾಗದಿವ್ಯದಲ್ಲಿ, ಅಂದರೆ ಹಾವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುವ ಪರೀಕ್ಷೆಯಲ್ಲಿ, ಗೆದ್ದು ಸಂಸಾರ ನೆಟ್ಟಗಾದ ಮೇಲೂ, ಅವಳನ್ನು ನಿಜವಾಗಿ ಪ್ರೀತಿಸಿದ ನಾಗನ ಗತಿಯೇನೆಂಬ ಪ್ರಶ್ನೆ ಉಳಿಯುತ್ತದೆ. ಒಂದು ಮುಕ್ತಾಯದಲ್ಲಿ ಅವನು ಅವಳ ಕೂದಲಿನಲ್ಲೇ ಸಾಯುತ್ತಾನೆ. ಪಾಳುಗುಡಿಯಲ್ಲಿ ಕಥೆ ಕೇಳಲು ನೆರೆದ ದೀಪದ ಜ್ವಾಲೆಗಳಿಗೆ ಅದು ಹಿಡಿಸದೆ ಹೋದಾಗ ಕಥೆ ಮತ್ತೊಮ್ಮೆ ಕದಲಿ, ನಾಗನು ಸಾಯದೆ ಅವಳ ಕೂದಲಲ್ಲೇ ಬದುಕುವ ಇನ್ನೊಂದು ಮುಕ್ತಾಯ ಹುಟ್ಟುತ್ತದೆ. ಬಾಣನ ಕಥೆಯಲ್ಲಿ ಚಂದ್ರಮಂಡಲದಿಂದ ಇಳಿದ ಭರವಸೆಯನ್ನು ಇಲ್ಲಿ ಕೇಳುಗರೇ ಹಟ ಹಿಡಿದು ಪಡೆಯುತ್ತಾರೆ.