ಹೊಲಿದ ಜಠರದ ಚಿತ್ರ: ಸಂಕೇಶ್ವರದ ಕಡೆಯಿಂದ ಒಂದು ಚರಿತ್ರೆ

ನಾಯಿಯ ಜಠರಕ್ಕೆ ಮೊದಲು ಕತ್ತರಿ ಬಿದ್ದದ್ದು ಮನುಷ್ಯನ ಹಿತಕ್ಕಾಗಿ. ಜರ್ಮನಿಯ ಮೆರೆಮ್ 1810ರಲ್ಲೇ ನಾಯಿಗಳ ಜಠರದ ಕೆಳತುದಿಯಾದ ಪೈಲೋರಸ್ಸನ್ನು ಕತ್ತರಿಸಿ ತೆಗೆದಿದ್ದ. 1870ರ ದಶಕದಲ್ಲಿ ಶಸ್ತ್ರವೈದ್ಯ ಬಿಲ್‌ರೋತ್‌ನ ಶಿಷ್ಯರು ಅದನ್ನೇ ನಾಯಿಗಳ ಮೇಲೆ ಪಳಗಿಸಿದರು. 1881ರ ಜನವರಿ 29ರಂದು ವಿಯೆನ್ನಾದಲ್ಲಿ ರೋಗಿಯೊಬ್ಬಳ ಮೇಲೆ ಬಿಲ್‌ರೋತ್ ಯಶಸ್ವಿಯಾಗಿ ಅದೇ ಶಸ್ತ್ರಚಿಕಿತ್ಸೆ ನಡೆಸಿದ್ದರ ಹಿಂದೆ ಆ ನಾಯಿಗಳಿದ್ದವು. ಒಳಗಿನ ಹೊಲಿಗೆ ಹೇಗೆ ಕೂಡಿದೆ ಎಂದು ತಿಳಿಯಬೇಕಾದರೆ ಆಗ ಹೊಟ್ಟೆಯನ್ನು ಮತ್ತೆ ಕೊಯ್ದೇ ನೋಡಬೇಕಿತ್ತು.

ರಾಂಟ್‌ಜನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ, ಹಾರ್ವರ್ಡ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ನಾಯಿಯೊಂದಕ್ಕೆ ಗುಂಡಿ ನುಂಗಿಸಿ ಅದು ಅನ್ನನಾಳದಲ್ಲಿ ಇಳಿಯುವುದನ್ನು ತೆರೆಯ ಮೇಲೆ ನೋಡಿದ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಅವನು ಶಸ್ತ್ರವೈದ್ಯ ಬ್ಲೇಕ್ ಜೊತೆಗೂಡಿ 1905ರಲ್ಲಿ ಪ್ರಕಟಿಸಿದ ಅಧ್ಯಯನ. ಪ್ರಯೋಗಪ್ರಾಣಿಗಳ ಜಠರದಿಂದ ಕರುಳಿಗೆ ಹೊಸ ದಾರಿ ಕೊರೆದು, ಎಕ್ಸ್‌ರೇಯಲ್ಲಿ ಕಾಣುವ ಬಿಸ್ಮತ್ ಬೆರೆಸಿದ ಆಹಾರ ಉಣಿಸಿ ನೋಡಿದರೆ, ಪೈಲೋರಸ್ ತೆರೆದಿರುವ ತನಕ ಅನ್ನ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು! ಅನ್ನ ಹೊಸ ದಾರಿಯಲ್ಲೇ ಇಳಿಯುತ್ತದೆಂಬ ಶಸ್ತ್ರವೈದ್ಯರ ಊಹೆಯನ್ನು ಚಿತ್ರ ತಿದ್ದಿದ ಈ ಪ್ರಸಂಗದಿಂದಲೇ ನಮ್ಮ ಚರಿತ್ರೆಯನ್ನು ಆರಂಭಿಸಬೇಕೆಂಬುದು ನನ್ನ ವಾದ. ಆ ವಿದ್ಯೆ ನಾಯಿಯ ಸ್ವಂತ ಆರೈಕೆಗೆ ಮರಳಿದ್ದು ಬಹಳ ತಡವಾಗಿ.

ಸಂಕೇಶ್ವರದ ಕಡೆ ಅದು ಇನ್ನೂ ತಡ, ಅದಕ್ಕೆ ಕಾರಣವೂ ಉಂಟು. 1956ರವರೆಗೆ ಸಂಕೇಶ್ವರವಿರುವ ಹುಕ್ಕೇರಿ, ಗೋಕಾಕ ಸೀಮೆ ಮುಂಬೈ ಆಡಳಿತದಲ್ಲಿತ್ತು. ಆ ಪ್ರಾಂತದ ಪಶುವೈದ್ಯ ಶಿಕ್ಷಣದ ಕೇಂದ್ರ 1886ರಲ್ಲಿ ಮುಂಬೈನ ಪರೇಲಿನಲ್ಲಿ ಆರಂಭವಾದ ಕಾಲೇಜು. ಬೆಂಗಳೂರಿನ ಹೆಬ್ಬಾಳದ ಕಾಲೇಜು ಬಂದದ್ದು 1958ರಲ್ಲಿ. ಎರಡೂ ಇಲ್ಲಿಂದ ದೂರ. ಹಿರಣ್ಯಕೇಶಿ ದಂಡೆಯ ಕಬ್ಬಿನ ನಾಡಿನಲ್ಲಿ ದನದ ದವಾಖಾನೆ ಎಂದರೆ ಎತ್ತು, ಎಮ್ಮೆ, ಕಾಲುಬಾಯಿ ಬೇನೆ, ಚಪ್ಪೆ ರೋಗ. ತಂತಿ ನುಂಗಿದ ಎಮ್ಮೆಯನ್ನು ನಿಲ್ಲಿಸಿಯೇ ಎಡಪಕ್ಕೆ ಕೊಯ್ದು, ಮೊದಲ ಹೊಟ್ಟೆಗೆ ಕೈಹಾಕಿ ತಡಕುವ ಪಶುವೈದ್ಯರಿಗೆ ಜಠರದ ಶಸ್ತ್ರಚಿಕಿತ್ಸೆ ಹೊಸದಲ್ಲ. ಆದರೆ ಎಮ್ಮೆಯ ಹೊಟ್ಟೆಯನ್ನು ಸಣ್ಣ ಎಕ್ಸ್‌ರೇ ಯಂತ್ರ ಭೇದಿಸಲಾರದು. ಅಲ್ಲಿ ಅಂಗೈಯೇ ಕಣ್ಣು.

ನಾಯಿಗಳ ಕಥೆ ಬೇರೆ. ನೆರೆಯ ಮುಧೋಳದ ಬೇಟೆನಾಯಿಯನ್ನೇ ನೋಡಿ: ಆಳವಾದ ಎದೆ, ಒಳಸೇರಿದ ಹೊಟ್ಟೆ. 2005ರಲ್ಲಿ ಅಂಚೆಚೀಟಿಗೇರಿದ ಈ ತಳಿಗಾಗಿ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಎದೆ ಆಳವಾಗಿ ಕಿರಿದಾದಷ್ಟೂ ಜಠರ ಉಬ್ಬಿ ತಿರುಚುವ ಅಪಾಯ ಹೆಚ್ಚೆಂದು ಗ್ರೇಟ್ ಡೇನ್‌ನಂಥ ತಳಿಗಳ ಅಧ್ಯಯನಗಳು ತೋರಿಸಿವೆ. ತಿರುಚು ಬಿಡಿಸಿ ಸುಮ್ಮನಾದರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಅದು ಮರುಕಳಿಸೀತು. ಆದ್ದರಿಂದ 1980ರ ದಶಕದಿಂದೀಚೆಗೆ ಜಠರವನ್ನು ಬಲಪಕ್ಕೆಯ ಗೋಡೆಗೆ ಹೊಲಿಯುವ ವಿಧಾನಗಳು ನೆಲೆಯೂರಿದವು.

ಹೊಲಿದ ಮೇಲಿನ ಚಿತ್ರ ಓದುವುದು ಇಲ್ಲಿಂದ ಕಠಿಣವಾಗುತ್ತದೆ. ಎಕ್ಸ್‌ರೇಯಲ್ಲಿ ಪೈಲೋರಸ್ ಸಹಜ ಜಾಗದಲ್ಲಿ ಕಾಣದಿರಬಹುದು, ಅದೊಂದೇ ಮರುತಿರುಚಿನ ಗುರುತಲ್ಲ. ಅಲ್ಟ್ರಾಸೌಂಡಿನಲ್ಲಿ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಇರುವ ಜಠರದ ಗೋಡೆ ಹೊಲಿಗೆಯ ಬಳಿ ದಪ್ಪವಾಗಿ, ಪದರಗಳು ಅಳಿಸಿದಂತಿರುತ್ತವೆ. ನಾಯಿ ಉಸಿರಾಡುವಾಗ ಜಠರ, ಪಕ್ಕೆಗೋಡೆ ಎರಡೂ ಒಂದಾಗಿ ಚಲಿಸಿದರೆ ಬೆಸುಗೆ ಹಿಡಿದಿದೆ ಎಂದರ್ಥ. ಹೊಲಿಗೆ ಸೋರುತ್ತಿದೆಯೆಂಬ ಶಂಕೆಯಿದ್ದರೆ ಚಿತ್ರಕ್ಕಾಗಿ ಬೇರಿಯಂ ಕುಡಿಸಬಾರದು, ಅದು ಉದರದೊಳಗೆ ಚೆಲ್ಲಿದರೆ ಉರಿಯೂತ ಬಿಗಡಾಯಿಸುತ್ತದೆ. ಎಕ್ಸ್‌ರೇ ಚಿತ್ರಕ್ಕೆಂದೇ ಇರುವ ಅಯೋಡಿನ್ ದ್ರಾವಣವೇ ಲೇಸು.

ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವುದು ಗಾಳಿ. ಹೊಟ್ಟೆ ತೆರೆದಾಗ ನುಗ್ಗಿದ ಗಾಳಿ ಕೆಲವೊಮ್ಮೆ ವಾರಗಟ್ಟಲೆ ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಕಂಡಿದ್ದರೆ ಜಠರ ತೂತಾಗಿದೆ ಎನ್ನಬಹುದಾದ ಗುರುತೇ ನಂತರ ನಿರುಪದ್ರವಿಯಾಗಬಹುದು. ಆ ಗಾಳಿ ದಿನದಿನಕ್ಕೆ ಕುಗ್ಗುತ್ತಿದೆಯೋ ಹಿಗ್ಗುತ್ತಿದೆಯೋ ಎಂಬುದಷ್ಟೇ ಮುಖ್ಯ, ಅದಕ್ಕೆ ಹೋಲಿಸಲು ಮೊದಲ ದಿನದ ಚಿತ್ರ ಬೇಕು. ದೊಡ್ಡ ಊರಲ್ಲಿ ಹೊಲಿಸಿಕೊಂಡು ಸಂಕೇಶ್ವರಕ್ಕೆ ಮರಳುವ ನಾಯಿಯ ಜೊತೆ ಆ ಚಿತ್ರವೂ, ಯಾವ ಬಗೆಯ ಹೊಲಿಗೆ ಎಂಬ ಚೀಟಿಯೂ ಬಾರದಿದ್ದರೆ, ಇಲ್ಲಿಯ ಪಶುವೈದ್ಯರು ಎರಡನೆಯ ಚಿತ್ರದಿಂದ ಏನನ್ನೂ ಖಚಿತವಾಗಿ ಓದಲಾರರು.