ಅಪ್ಪಣೆ ಚೀಟಿಯ ಚರಿತ್ರೆ

ನಮ್ಮ ಜಿಲ್ಲೆಯಲ್ಲಿ ‘ಅಪ್ಪಣೆ’ ಎಂಬ ಮಾತಿಗೆ ದೊಡ್ಡ ಚರಿತ್ರೆಯೇ ಉಂಟು. ಧಣಿಯ ಅಂಗಳಕ್ಕೆ ಕಾಲಿಡಲು ಅಪ್ಪಣೆ ಬೇಕಿತ್ತು. ಮೂಲದಾಳಾಗಿ ಹುಟ್ಟಿದವನಿಗೆ ಇನ್ನೊಬ್ಬ ಧಣಿಯಲ್ಲಿಗೆ ಹೋಗಲು ಅಪ್ಪಣೆ ಬೇಕಿತ್ತು. ಗುಡಿಯ ಮೆಟ್ಟಿಲಿಗೆ, ಶಾಲೆಯ ಜಗಲಿಗೆ, ಬಾವಿಯ ಕಟ್ಟೆಗೆ ಎಲ್ಲದಕ್ಕೂ ಅಪ್ಪಣೆ. ಆದರೆ ಅಂಥ ಬಾವಿಯನ್ನು ತೋಡುವಾಗ? ಯಾರೂ ಅಪ್ಪಣೆಯ ಮಾತೆತ್ತಲಿಲ್ಲ. ‘ಇಳಿಯೋ’ ಅಂದರೆ ಇಳಿಯಬೇಕು, ಅಷ್ಟೆ.

ಇವತ್ತು ದೊಡ್ಡ ಕಾಮಗಾರಿಗಳಲ್ಲಿ ‘ವರ್ಕ್ ಪರ್ಮಿಟ್’ ಎಂಬ ಕಾಗದ ಉಂಟು. ಎತ್ತರಕ್ಕೆ ಹತ್ತುವ ಮೊದಲು, ಗುಂಡಿಗೆ ಇಳಿಯುವ ಮೊದಲು, ಕರೆಂಟಿನ ಲೈನು ಮುಟ್ಟುವ ಮೊದಲು ಜವಾಬ್ದಾರಿಯುಳ್ಳ ಒಬ್ಬ ಮನುಷ್ಯ ಜಾಗ ನೋಡಿ, ಪರೀಕ್ಷೆ ಮಾಡಿ, ಸಹಿ ಹಾಕಬೇಕು. ಇದೂ ಅಪ್ಪಣೆಯೇ. ಹಳೆಯ ಅಪ್ಪಣೆ ಜಾಗವನ್ನು ನಮ್ಮಿಂದ ಕಾಯುತ್ತಿತ್ತು. ಈ ಅಪ್ಪಣೆ ನಮ್ಮನ್ನು ಜಾಗದಿಂದ ಕಾಯಬೇಕು. ಈ ತಿರುವು ಹೇಗೆ ಬಂತು, ನಮ್ಮ ಕಾಲೇಜು ಗುಡ್ಡಗಳಿಗೆ ಬರುವಾಗ ಯಾಕೆ ಕುಂಟಿತು ಎಂಬುದನ್ನು ನಾವೇ ಬರೆದುಕೊಳ್ಳಬೇಕು.

ಕಲ್ಲಿನಿಂದ ಶುರು ಮಾಡುವ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಬಾಹುಬಲಿಯನ್ನು ನಿಲ್ಲಿಸಿದ್ದು 1604ರಲ್ಲಿ. ನಮ್ಮ ಕಾಲಕ್ಕೆ ಬಂದರೆ, ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಮೂರ್ತಿ 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿತು. ಕೆತ್ತಿದ ರೆಂಜಾಳ ಗೋಪಾಲ ಶೆಣೈ ಅವರ ಹೆಸರು ಉಳಿಯಿತು, ಉಳಿಯಬೇಕಾದ್ದೇ. ಅರಸನ ಹೆಸರುಂಟು, ದಾನ ಕೊಟ್ಟ ಸೆಟ್ಟಿಯ ಹೆಸರುಂಟು, ಅಡಿಯ ಲೆಕ್ಕವುಂಟು. ಹಗ್ಗ ಎಳೆದವರು ಯಾರು, ಯಾರ ಬೆರಳು ಜಜ್ಜಿತು, ಯಾರು ಮನೆಗೆ ವಾಪಸು ಹೋಗಲಿಲ್ಲ? ಊರಿನ ಬಾಯಲ್ಲಿ ಉಳಿದ ಚರಿತ್ರೆಯಲ್ಲಿ ಆ ಲೆಕ್ಕ ಇಲ್ಲ.

1843ರ ಕಾಯಿದೆ ಗುಲಾಮಗಿರಿಗೆ ಕೋರ್ಟಿನ ಬಲ ಇಲ್ಲ ಎಂದಿತು. ಮೂಲದಾಳಿನ ಸಾಲ ಮಾತ್ರ ಕೋರ್ಟನ್ನು ಕೇಳಿ ಬದುಕುವಂಥದ್ದಾಗಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ದೇಶದ ಮೊದಲ ಫ್ಯಾಕ್ಟರಿ ಕಾಯಿದೆ ಬರಲು 1881 ಆಗಬೇಕಾಯಿತು. ಅದೂ 100 ಜನರಿಗಿಂತ ಕಡಿಮೆ ಇದ್ದಲ್ಲಿ ಇಣುಕಿಯೂ ನೋಡಲಿಲ್ಲ.

ನಿಜವಾದ ಅಪ್ಪಣೆ ಚೀಟಿ 1948ರ ಫ್ಯಾಕ್ಟರಿ ಕಾಯಿದೆಯಲ್ಲಿ ಸಿಗುತ್ತದೆ. ಅದರ 36ನೇ ಕಲಮನ್ನು ಕೂಲಿಕಾರರ ಮನೆಮನೆಯಲ್ಲೂ ಓದಿ ಹೇಳಬೇಕಿತ್ತು. ವಿಷಗಾಳಿ ಇರಬಹುದಾದ ಟ್ಯಾಂಕಿಗೆ, ಗುಂಡಿಗೆ, ಕೊಳವೆಗೆ ಮನುಷ್ಯನನ್ನು ಸುಮ್ಮನೆ ಇಳಿಸುವ ಹಾಗಿಲ್ಲ. ತಿಳಿದವನೊಬ್ಬ ಪರೀಕ್ಷೆ ಮಾಡಿ ‘ಇಲ್ಲಿ ಉಸಿರಾಡಬಹುದು’ ಎಂದು ಬರೆದುಕೊಡಬೇಕು. ಇಲ್ಲವೇ ಇಳಿಯುವವನು ಉಸಿರಾಟದ ಸಲಕರಣೆ ಹಾಕಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಅದಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿಯನ್ನು ಮೇಲೆ ನಿಂತವನೊಬ್ಬ ಹಿಡಿದಿರಬೇಕು. ಮೇಲಿನವನು ಕೆಳಗಿನವನ ಹಗ್ಗ ಹಿಡಿಯಬೇಕು ಎಂದು ಈ ದೇಶದಲ್ಲಿ ಬರೆಯಲು ಎಷ್ಟು ಸಾವಿರ ವರ್ಷ ಬೇಕಾಯಿತು ನೋಡಿ.

ಆದರೆ ಆ ಕಾಯಿದೆ ಕಾರ್ಖಾನೆಯ ಗೇಟಿನಲ್ಲೇ ನಿಂತುಬಿಟ್ಟಿತು. ಕಾಲೇಜು ಕಾರ್ಖಾನೆ ಅಲ್ಲವಲ್ಲ!

ಅದೇ ಹೊತ್ತಿಗೆ ನಮ್ಮ ಗುಡ್ಡಗಳಿಗೆ ವಿದ್ಯೆ ಬಂತು. 1966ರಲ್ಲಿ ಉಜಿರೆಯಲ್ಲಿ ಕಾಲೇಜು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಮಂಗಳೂರಿಗೆ ಬಂತು. ಅದು ಬೆಳೆದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಬಂಟ್ವಾಳದ ಮಗ್ಗುಲಿಗೆ ಇರುವ ಕೊಣಾಜೆ ಗುಡ್ಡದ ಮುನ್ನೂರಕ್ಕೂ ಮಿಕ್ಕಿದ ಎಕರೆಗೆ ಮಂಗಳಗಂಗೋತ್ರಿ ಎಂದು ಹೆಸರಾಯಿತು. ನಡುವೆ 1974ರ ಭೂಸುಧಾರಣೆ. ಗೇಣಿದಾರನಿಗೆ ಭೂಮಿ ಬಂತು. ಬರೀ ಆಳಾಗಿದ್ದವನಿಗೆ ಹೆಚ್ಚೆಂದರೆ ಗುಡಿಸಲಿನ ಅಡಿಯ ಜಾಗ. ಗದ್ದೆ ಬಿಟ್ಟ ಕೈಗಳು ಕಟ್ಟಡಕ್ಕೆ ಹೋದವು. ನಮ್ಮಪ್ಪನೂ ಹಾಗೆ ಮುರಕಲ್ಲು ಹೊತ್ತವರೇ. ಅಂಥ ಕಲ್ಲಿನ ಗೋಡೆಯೊಳಗೆ ಕೂತು ನಾನು ಬಿ.ಎ. ಓದಿದೆ. ಒಳಗೆ ಹೋಗಲು ನನ್ನ ಕೊರಳಲ್ಲಿ ಗುರುತಿನ ಚೀಟಿ ಇತ್ತು. ಅಪ್ಪನ ತಲೆಮಾರಿನವರು ಸಾರವೆ ಹತ್ತುವಾಗ ಅವರ ಜೀವಕ್ಕೆ ಯಾರ ಸಹಿಯೂ ಇರಲಿಲ್ಲ.

ನಮ್ಮ ಗುಡ್ಡ ಎಂಥದೆಂದು ಇಲ್ಲಿನವರಿಗೆ ಗೊತ್ತು. ಮೇಲೆ ಮುರಕಲ್ಲು, ಗಟ್ಟಿ. ಕೆಳಗೆ ಶೇಡಿ ಮಣ್ಣು. ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಗಂಜಿಯ ಹಾಗೆ ಇಳಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ ಹಾಸ್ಟೆಲಿಗೆಂದು ಗುಡ್ಡವನ್ನು ನೆಟ್ಟಗೆ ಕಡಿದು ಅದರ ಬುಡದಲ್ಲಿ ಪಾಯ ತೋಡಿಸಿದರೆ, ಬರೆ ಜರಿಯುವುದು ದೇವರ ಆಟ ಅಲ್ಲ. ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿಲ್ಲದಿದ್ದರೆ, ಆಧಾರ ಕೊಟ್ಟಿಲ್ಲದಿದ್ದರೆ, ರಾತ್ರಿ ಸುರಿದ ಮಳೆಯ ಮೇಲೆ ಬೆಳಿಗ್ಗೆ ಯಾರೂ ಹೋಗಿ ನೋಡಿಲ್ಲದಿದ್ದರೆ ಅವತ್ತು ಆ ಪಾಯಕ್ಕೆ ಯಾರೂ ಇಳಿಯಬಾರದು. ಪರ್ಮಿಟ್ ಎಂದರೆ ಇಷ್ಟೇ.

ವಿಶ್ವವಿದ್ಯಾನಿಲಯ ಎಂಬುದು ಒಂದು ಕಟ್ಟಡ ಅಲ್ಲ ಮಾರಾಯರೆ, ಒಂದು ಊರು. ಒಂದೇ ದಿನ ಒಬ್ಬ ಕಂಟ್ರಾಕ್ಟರನ ಜನ ಮಾಡು ರಿಪೇರಿ ಮಾಡುತ್ತಾರೆ. ಇನ್ನೊಬ್ಬನ ಜನ ಲೈನು ಎಳೆಯುತ್ತಾರೆ. ಅದೇ ತಾರಸಿಯಲ್ಲಿ ರಸಾಯನಶಾಸ್ತ್ರದ ಲ್ಯಾಬಿನ ಹೊಗೆ ಕೊಳವೆ ತೆರೆದಿರುತ್ತದೆ. ಕೆಳಗೆ ಮೇನ್ ಸ್ವಿಚ್ ಆಫ್ ಇದ್ದದ್ದು ಯಾಕೆಂದು ಗೊತ್ತಿಲ್ಲದ ಮೂರನೆಯವನೊಬ್ಬ ಬಂದು ಆನ್ ಮಾಡುತ್ತಾನೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ಸಾವು ಖಂಡಿತ. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಕಡಲಲ್ಲಿ ಪೈಪರ್ ಆಲ್ಫಾ ಎಂಬ ತೈಲದ ಅಟ್ಟಣೆ ಸುಟ್ಟು 167 ಜನ ಸತ್ತರು. ಒಂದು ಪಂಪಿನ ಸುರಕ್ಷತಾ ಕವಾಟ ಬಿಚ್ಚಿಟ್ಟಿದ್ದಾರೆ ಎಂಬ ವಿಷಯ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ, ಅವರು ಪಂಪು ಚಾಲೂ ಮಾಡಿದರು. ಅಲ್ಲಿ ಪರ್ಮಿಟ್ ಪದ್ಧತಿ ಇತ್ತು, ಫಾರಮ್ಮುಗಳೂ ಇದ್ದವು. ಫಾರಮ್ಮು ಫೈಲಿನಲ್ಲಿ ಕೂತರೆ ಏನು ಬಂತು? ಅದು ಒಬ್ಬ ಕೆಲಸಗಾರ ಮುಂದಿನವನಿಗೆ ಬರೆದ ಕಾಗದ. ಅವನ ಕೈಗೆ ಸೇರಬೇಕು.

ಇನ್ನು ಶೌಚಗುಂಡಿ. ಕರಾವಳಿಯ ಪಟ್ಟಣಗಳಲ್ಲಿ ಈ ಕೆಲಸವನ್ನು ಕೊರಗರ ತಲೆಗೆ ಕಟ್ಟಿದ್ದರು. ಅವರನ್ನು ಹೀನಾಯ ಮಾಡುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದ ಇಸವಿಯೇ ಬರಬೇಕಾಯಿತು. ಮಲ ಹೊರುವುದನ್ನು ನಿಲ್ಲಿಸಬೇಕೆಂದು ಮಂತ್ರಿಯಾಗಿದ್ದ ಬಸವಲಿಂಗಪ್ಪನವರು 1970ರ ದಶಕದಲ್ಲೇ ಹೊರಟರು. ದೇಶದ ಕಾಯಿದೆ 1993ರಲ್ಲಿ, ಮತ್ತೊಂದು 2013ರಲ್ಲಿ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೆ ಇಳಿಸುವುದು ತುರ್ತಿನಲ್ಲೂ ಅಪರಾಧ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿ, ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ಬೆಲೆ ಏರಿತು. ಗುಂಡಿಯ ಗಾಳಿ ಪರೀಕ್ಷಿಸುವ ಯಂತ್ರದ ಬೆಲೆ ಅದರ ಮುಂದೆ ಏನೂ ಅಲ್ಲ.

ಕಟ್ಟಡ ಕಾರ್ಮಿಕರಿಗೆ 1996ರಲ್ಲಿ ಬೇರೆ ಕಾಯಿದೆ ಬಂತು; ಗುತ್ತಿಗೆ ಕಾರ್ಮಿಕರಿಗೆ 1970ರದ್ದು ಮೊದಲೇ ಇತ್ತು. ಇವೆಲ್ಲ ಈಗ 2020ರ ಸಂಹಿತೆಯೊಳಗೆ ಸೇರಿವೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ಗುತ್ತಿಗೆ ಕಾಯಿದೆ ಮೊದಲು 20 ಜನರಿದ್ದಲ್ಲಿಗೆ ತಾಗುತ್ತಿತ್ತು, ಈಗ 50 ಜನ ಬೇಕು. ಒಳಗುತ್ತಿಗೆಯ ಮೇಸ್ತ್ರಿಯ ಹಿಂದೆ ಬರುವ ಎಂಟು ಹತ್ತು ಜನ ಯಾವ ಲೆಕ್ಕಕ್ಕೆ? ಬಿದ್ದವನ ಮನೆಯವರು ಕೇಳಿದರೆ ಆಡಳಿತದವರು ಕಂಟ್ರಾಕ್ಟರನನ್ನು ತೋರಿಸುತ್ತಾರೆ, ಅವನು ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ಹಣೆಬರಹವನ್ನು ತೋರಿಸುತ್ತಾನೆ.

ಹಾಗಾಗಿ ಕೇಳಬೇಕು. ಗುಡ್ಡ ಯಾರದೋ ಚೀಟಿಯ ಸಹಿಯೂ ಅವರದೇ ಆಗಬೇಕು. ಕಂಟ್ರಾಕ್ಟರನ ಸಹಿಯೊಂದೇ ಸಾಲದು. ಆ ದಿನ ಆ ಕಟ್ಟಡದಲ್ಲಿ ಯಾರ್‍ಯಾರು ಏನೇನು ಮಾಡುತ್ತಿದ್ದಾರೆಂದು ಒಂದೇ ಕಡೆ ಬರೆದು ಗೇಟಿನಲ್ಲಿ ತೂಗುಹಾಕಬೇಕು. ತುಳುವಿನವರಿಗೆ ತುಳುವಿನಲ್ಲಿ, ಘಟ್ಟದ ಮೇಲಿಂದ ಬಂದವರಿಗೆ ಕನ್ನಡದಲ್ಲಿ, ಒಡಿಶಾ ಬಂಗಾಳದಿಂದ ಬಂದವರಿಗೆ ಅವರ ಮಾತಿನಲ್ಲಿ ಬಾಯಿಬಿಟ್ಟು ಓದಿ ಹೇಳಬೇಕು. ಹಗ್ಗದ ಮೇಲಿನ ತುದಿ ಹಿಡಿದವನ ಹೆಸರು ಅದರಲ್ಲಿರಬೇಕು. ಚೀಟಿ ಇಲ್ಲದಿದ್ದರೆ ‘ನಾನು ಇಳಿಯುವುದಿಲ್ಲ’ ಎನ್ನುವವನ ಕೂಲಿ ಕಡಿಯಬಾರದು.

ನಮ್ಮ ಅಜ್ಜಂದಿರಿಗೆ ಆ ಮಾತು ಆಡಲು ಬಾಯಿರಲಿಲ್ಲ. ನಮಗೆ ಉಂಟು. ಪದವಿ ಪಡೆದು ಆ ಗೇಟಿನಿಂದ ಹೊರಬಂದ ಗೆಳೆಯರೇ, ನಾಳೆ ಒಳಗೆ ಹೋದಾಗ ಸಾರವೆಯ ಕೆಳಗೆ ಒಂದು ಗಳಿಗೆ ನಿಲ್ಲಿ. ಮೇಲಿರುವವನ ಚೀಟಿ ಎಲ್ಲಿ ಎಂದು ಕೇಳಿ.