ಗುಡಗೇರಿಯ ಕಲ್ಲು, ಶಿಗ್ಗಾವಿಯ ತಾಮ್ರಪಟ: ಒಬ್ಬ ಹೆಣ್ಣುಮಗಳ ವಂಶಶೋಧ

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ವಂಶಾವಳಿ ಎಂದೊಡನೆ ನೆನಪಾಗುವವರು ಹೆಳವರು. ಎತ್ತಿನೊಂದಿಗೆ ಊರೂರು ತಿರುಗಿ, ಮನೆಯ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಒಪ್ಪಿಸಿ, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವವರು. ಅವರು ಹೇಳುವ ಸಾಲಿನಲ್ಲಿ ಗಂಡಸರ ಹೆಸರು ಗಟ್ಟಿ. ಕೊಟ್ಟ ಮಗಳು ಎಲ್ಲಿಗೆ ಹೋದಳು, ಬಂದ ಸೊಸೆಯ ತವರು ಯಾವುದು ಎಂಬುದು ಬೇಗ ಅಳಿಸಿಹೋಗುತ್ತದೆ. ಈ ನಷ್ಟ ನಮ್ಮದಷ್ಟೇ ಅಲ್ಲ. ಬ್ರಿಟಿಷರ ವಸಾಹತಾಗಿದ್ದ ಕಾಲದ ಅಮೆರಿಕದಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆತನದ ಹೆಸರಿನೊಳಗೆ ಕರಗಿಹೋಗುತ್ತಿದ್ದಳು. ಅವಳ ತವರು ಹುಡುಕುವವರು ಇಂದಿಗೂ ತಂದೆಯ ಉಯಿಲು, ಜಮೀನಿನ ಪತ್ರ, ಚರ್ಚಿನ ದಾಖಲೆಗಳನ್ನೇ ನಂಬುತ್ತಾರೆ. ಆಸ್ತಿ ಕೈ ಬದಲಾದ ಕಡೆ ಹೆಣ್ಣಿನ ಹೆಸರು ಉಳಿಯುತ್ತದೆ. ಈ ಮಾತಿಗೆ ಕನ್ನಡ ನಾಡಿನಲ್ಲಿರುವ ಅತ್ಯುತ್ತಮ ಸಾಕ್ಷಿಗಳಲ್ಲೊಂದು ಕುಂದಗೋಳ ತಾಲ್ಲೂಕಿನ ಗುಡಗೇರಿಯದು.

ಈ ಭಾಗದ ಶಾಸನಗಳನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ನಕಲು ಮಾಡಿಸಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ಚೆನ್ನಮ್ಮನ ಕಡೆಯವರ ಸೆರೆಯಾಗಿದ್ದ ಅಧಿಕಾರಿಗಳಲ್ಲಿ ಈತನೂ ಒಬ್ಬ. ಅವನು ಕೂಡಿಸಿದ ಶಾಸನಗಳ ಸಂಖ್ಯೆ 595. ಅವನ ನಂತರ ಬಂದ ಜೆ.ಎಫ್. ಫ್ಲೀಟ್ 1882ರಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದ. ಅರಸರ ಅನುಕ್ರಮ, ಯುದ್ಧ, ತೇದಿ ಇವೇ ಆ ಕಾಲದ ವಿದ್ವಾಂಸರಿಗೆ ಮುಖ್ಯವಾಗಿದ್ದವು. ಆದರೂ 1889ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯ 18ನೇ ಸಂಪುಟದಲ್ಲಿ ಫ್ಲೀಟ್ ಪ್ರಕಟಿಸಿದ ಗುಡಗೇರಿಯ ಒಡೆದ ಜೈನ ಶಾಸನ ಒಬ್ಬ ಹೆಣ್ಣುಮಗಳನ್ನು ಬೆಳಕಿಗೆ ತಂದಿತು.

ಶಾಸನದ ಕಾಲ ಶಕ 998, ಅಂದರೆ ಕ್ರಿ.ಶ. 1076-77. ಪುರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಆನೆಸೆಜ್ಜೆಯ ಬಸದಿಗೆ ಸೇರಿದ ಗುಡಿಗೆರೆಯ (ಇಂದಿನ ಗುಡಗೇರಿಯ) ಭೂಮಿಯನ್ನು ಶ್ರೀನಂದಿ ಪಂಡಿತ ಹಳೆಯ ತಾಮ್ರಶಾಸನದ ಆಧಾರದ ಮೇಲೆ ವಶಕ್ಕೆ ಪಡೆದ ಸಂಗತಿ ಅದರಲ್ಲಿದೆ. ಆ ಬಸದಿಯನ್ನು ಕಟ್ಟಿಸಿದವಳು ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯ ವಲ್ಲಭನ ತಂಗಿ ಕುಂಕುಮಮಹಾದೇವಿ ಎಂದು ಕಲ್ಲು ಹೇಳುತ್ತದೆ. ಜಮೀನಿನ ಹಕ್ಕು ಸಾಧಿಸಲೆಂದು ಬರೆದ ಆ ಒಂದು ಮಾತಿನಿಂದ ಅವಳ ತವರು ಖಚಿತವಾಯಿತು: ವಿನಯಾದಿತ್ಯನ ಮಗಳು, ಒಂದನೆಯ ವಿಕ್ರಮಾದಿತ್ಯನ ಮೊಮ್ಮಗಳು, ಇಮ್ಮಡಿ ಪುಲಕೇಶಿಯ ಮರಿಮಗಳು.

ಘಟನೆ ನಡೆದು ಮೂರೂವರೆ ಶತಮಾನ ಕಳೆದ ಮೇಲೆ ಬರೆದ ಮಾತನ್ನು ನಂಬುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಶಿಗ್ಗಾವಿಯ ತಾಮ್ರಪಟಗಳಿಂದ. 'ಎಪಿಗ್ರಾಫಿಯಾ ಇಂಡಿಕಾ'ದ 32ನೇ ಸಂಪುಟದಲ್ಲಿ ಪ್ರಕಟವಾದ ಈ ಪಟಗಳು ಸ್ವತಃ ವಿಜಯಾದಿತ್ಯನವು, ಶಕ 630ರವು. ಬನವಾಸಿಗೆ ಬಂದ ವಿಜಯಾದಿತ್ಯನು ಆಳುಪ ಅರಸ ಚಿತ್ರವಾಹನನ ಬಿನ್ನಹದಂತೆ, ಕುಂಕುಮದೇವಿ ಪುರಿಗೆರೆಯಲ್ಲಿ ಕಟ್ಟಿಸಿದ ಜಿನಭವನಕ್ಕೆ ಗುಡ್ಡಿಗೆರೆ ಗ್ರಾಮವನ್ನು ಕೊಟ್ಟನೆಂದು ಅವು ಹೇಳುತ್ತವೆ. ಕಲ್ಲು ನೆನೆದ ಹಳೆಯ ದಾನಕ್ಕೆ ಅದೇ ಕಾಲದ ತಾಮ್ರದ ಸಾಕ್ಷಿ ದೊರೆಯಿತು. ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷ ಬಸದಿಯವರು ತಮ್ಮ ಹಕ್ಕಿನ ನೆನಪನ್ನು ಎಷ್ಟು ಜತನದಿಂದ ಕಾಪಾಡಿದ್ದರು ಎಂಬುದೂ ತಿಳಿಯಿತು.

ಎರಡು ದಾಖಲೆಗಳನ್ನು ಜೋಡಿಸಿದಾಗ ಗಂಡನ ಮನೆಯ ಸುಳಿವೂ ಸಿಕ್ಕಿತು. ಅವಳ ಬಸದಿಗಾಗಿ ಬೇಡಿಕೊಂಡ ಚಿತ್ರವಾಹನನೇ ಅವಳ ಪತಿ ಎಂದು ವಿದ್ವಾಂಸರು ತರ್ಕಿಸಿದರು. ವಿನಯಾದಿತ್ಯನ 692ರ ಸೊರಬ ತಾಮ್ರಪಟದಲ್ಲಿ ಇದೇ ಚಿತ್ರವಾಹನ ಆಳುಪ ಗುಣಸಾಗರನ ಮಗನಾಗಿ ಕಾಣಿಸಿಕೊಳ್ಳುತ್ತಾನೆ. ಹೀಗೆ ಬಾದಾಮಿಯ ತವರು, ತುಳುನಾಡಿನ ಆಳುಪರ ಗಂಡನ ಮನೆ, ಪುರಿಗೆರೆಯ ಬಸದಿ ಮತ್ತು ಗುಡಗೇರಿಯ ಭೂಮಿ ಒಂದೇ ಬದುಕಿನ ಸುತ್ತ ಕೂಡಿಬಂದವು.

ಸ್ವಾತಂತ್ರ್ಯದ ಆಚೀಚೆ ಅಧ್ಯಯನದ ದಿಕ್ಕು ಬದಲಾಯಿತು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಶುರುವಾಗಿ ಶಾಸನಗಳ ಪ್ರಕಟಣೆಗೆ ಬಲ ಬಂತು. ಪಿ.ಬಿ. ದೇಸಾಯಿ 1957ರಲ್ಲಿ ದಕ್ಷಿಣ ಭಾರತದ ಜೈನಧರ್ಮವನ್ನು ಶಾಸನಗಳ ಮೂಲಕ ನಿರೂಪಿಸಿದರು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಶಾಸನದೊಳಗಿನ ಜನಜೀವನವನ್ನೇ ಮುಂದಿಟ್ಟಿತು. ಈ ಕಣ್ಣಿನಿಂದ ಓದಿದರೆ ಅದೇ ಕಲ್ಲುಗಳು ಬೇರೆ ಮಾತು ಹೇಳುತ್ತವೆ. ಮಹಾಕೂಟದ ಶಾಸನದಲ್ಲಿ ವಿಜಯಾದಿತ್ಯನ ಪ್ರಿಯೆ ವಿನಾಪೋಟಿಯ ಗುರುತು ಅವಳ ತಾಯಿಯ ಕಡೆಯ ಹೆಂಗಸರ ಹೆಸರುಗಳೊಂದಿಗೆ ಬರುತ್ತದೆ. ಪಟ್ಟದಕಲ್ಲಿನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ಹೈಹಯ ಮನೆತನದ ಅಕ್ಕತಂಗಿಯರು. ಗುಡಗೇರಿಯ ಶಾಸನದಲ್ಲೇ ಅಷ್ಟೋಪವಾಸಿ ಕಂತಿ ಎಂಬ ಜೈನ ಸನ್ಯಾಸಿನಿಯ ಹೆಸರಿದೆ.

ಈ ಎಲ್ಲ ಓದು ಕಲಿಸುವ ಪಾಠ ಸ್ಪಷ್ಟ. ಅರಸನ ತಂಗಿಯೂ ಇತಿಹಾಸದಲ್ಲಿ ನಿಂತದ್ದು ತಾನು ಕಟ್ಟಿಸಿದ ಬಸದಿ ಮತ್ತು ಅದಕ್ಕೆ ಸಂದ ಹೊಲದ ದಾಖಲೆಯಿಂದ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ತಿದ್ದುಪಡಿ, ಅದಕ್ಕೂ ಮುನ್ನ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅಲ್ಲಿಂದೀಚೆಗೆ ವಾಟ್ನಿ ಪತ್ರ, ಪಹಣಿ, ವಂಶವೃಕ್ಷಗಳು ನಾಳೆಯ ಶಾಸನಗಳು. ಪಾಲು ಬಿಟ್ಟುಕೊಟ್ಟಳೆಂದು ಮಗಳ ಹೆಸರನ್ನೂ ಬಿಟ್ಟು ವಂಶವೃಕ್ಷ ಬರೆಸಿದರೆ ಮುಂದಿನವರಿಗೆ ಅವಳನ್ನು ಹುಡುಕಲು ದಾರಿಯೇ ಇರದು. ಅಜ್ಜಿಯ ತವರೂರು, ಅವಳ ತಾಯಿಯ ಹೆಸರು, ಕೊಟ್ಟ ಮಗಳ ಊರು ಇವನ್ನು ಪ್ರತಿ ಮನೆಯೂ ಇಂದೇ ಬರೆದಿಡಬೇಕು.